ಒಂದೇ ಜಾಗದ ತೂತು

ಪಂಚರ್ ಪಂಡಿತ ಮೂರು ಟ್ಯೂಬುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ಕೈಕಟ್ಟಿ ನಿಂತ.

"ಇದು ತೆಳು. ಇದು ಮಧ್ಯಮ. ಇದು ನೋಡಿ, ಎಮ್ಮೆ ಚರ್ಮ! ಮುಳ್ಳೇ ಇದಕ್ಕೆ ಹೆದರಬೇಕು."

ನಾದಿನಿ ಎಮ್ಮೆ ಚರ್ಮಕ್ಕೆ ಕೈ ಚಾಚಿದಳು. ಅವಳಿಗೆ ಬೇರೇನೂ ತೋಚುತ್ತಿರಲಿಲ್ಲ. ಎರಡು ವರ್ಷ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ ಧೂಳು ಕುಡಿದು, ಕಾಡಿ ಬೇಡಿ, ಕಳೆದ ತಿಂಗಳಷ್ಟೇ ಗುಡ್ಡದ ಮೇಲಿನ ಚಿಕಿತ್ಸಾಲಯಕ್ಕೆ ನರ್ಸಾಗಿ ಹೋಗಿದ್ದಳು. ಬಾಗಿಲು ತೆಗೆಯುವುದು ಎಂಟಕ್ಕೆ. ಗುಡ್ಡ ಸುತ್ತಿಕೊಂಡು ಬರುವ ಮೊದಲ ಬಸ್ಸು ತಲುಪುವುದು ಒಂಬತ್ತಕ್ಕೆ. ಕಾಲುದಾರಿಯಲ್ಲಿ ಮೌಂಟನ್ ಬೈಕ್ ತುಳಿದರೆ ನಲವತ್ತೇ ನಿಮಿಷ. ಆದರೆ ತಿಂಗಳಲ್ಲಿ ಮೂರು ಸಲ ಹಿಂದಿನ ಚಕ್ರ ಮಲಗಿತ್ತು, ಮೂರು ಸಲವೂ ತಡವಾಗಿತ್ತು. "ನಾಲ್ಕನೇ ಸಲ ಆದರೆ ಮತ್ತೆ ಫೈಲುಗಳ ಹತ್ತಿರ," ಎಂದು ಹಿರಿಯ ನರ್ಸ್ ಶುಕ್ರವಾರ ಹೇಳಿದ್ದರು.

"ತಡಿ," ಎಂದಳು ಜೊತೆಗೆ ಬಂದಿದ್ದ ಅತ್ತಿಗೆ. "ಹಿಂದೆ ಹಾಕಿದ್ದು ಯಾವುದು?"

"ಎರಡು ತೆಳು, ಆಮೇಲೊಂದು ಮಧ್ಯಮ," ಎಂದ ಪಂಡಿತ. ಗುಡ್ಡದ ದಾರಿಗೆ ಪ್ಯಾಚನ್ನು ನಂಬಬಾರದೆಂಬುದು ಅವನ ಸಿದ್ಧಾಂತ. ಪ್ರತಿ ಸಲವೂ ಹೊಸದೇ.

"ತೆಳುವಿನವು ಎಂಟೆಂಟು ದಿನ ಬಂದವು, ಮಧ್ಯಮ ಹನ್ನೊಂದು," ಎಂದಳು ನಾದಿನಿ.

"ಅಂದರೆ ದಪ್ಪ ಮಾಡಿದ್ದಕ್ಕೆ ಸಿಕ್ಕಿದ್ದು ಮೂರು ದಿನ. ತೂತು ಎಲ್ಲಿತ್ತು?"

"ಟ್ಯೂಬಲ್ಲಿ," ಎಂದ ಪಂಡಿತ.

"ಟ್ಯೂಬಲ್ಲಿ ಎಲ್ಲಿ?"

ಪಂಡಿತ ನಾದಿನಿಯ ಮುಖ ನೋಡಿದ, ನಾದಿನಿ ಪಂಡಿತನ ಮುಖ ನೋಡಿದಳು.

ಅತ್ತಿಗೆಗೆ ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ತಪಾಸಣೆಯ ಕೆಲಸ. ಗೀರು ಬಿದ್ದ ಗಾಜನ್ನು ಎಸೆಯುವ ಮೊದಲು ಗೀರು ಎಲ್ಲಿದೆ ಎಂದು ಗುರುತು ಹಾಕಿಕೊಳ್ಳಬೇಕು. ಮೂರು ಗಾಜಿನಲ್ಲಿ ಒಂದೇ ಜಾಗಕ್ಕೆ ಬಿದ್ದರೆ ದೋಷ ಗಾಜಿನದಲ್ಲ, ಯಂತ್ರದ್ದು. ಹನ್ನೆರಡು ವರ್ಷದ ಅಭ್ಯಾಸ. ಮನೆಗೆ ಬಂದರೂ ಬಿಡುತ್ತಿರಲಿಲ್ಲ.

"ನಡಿ, ಹಳೇವನ್ನ ತರೋಣ," ಎಂದಳು.

ಹಳೆಯವು ಎರಡು ಬೀದಿ ಆಚೆ, ಮನೆಯಲ್ಲೇ ಇದ್ದವು, ಸುಮ್ಮನೆ ಅಲ್ಲ. ಅತ್ತೆಯ, ಅಂದರೆ ನಾದಿನಿಯ ಅಮ್ಮನ, ಕೈಗೆ ಸಿಕ್ಕ ಯಾವ ವಸ್ತುವಿಗೂ ನಿವೃತ್ತಿ ಇರಲಿಲ್ಲ. ಒಂದು ಕುಂಬಳದ ಬಳ್ಳಿಯನ್ನು ಕಂಬಕ್ಕೆ ಬಿಗಿದಿತ್ತು, ಇನ್ನೊಂದು ಬಟ್ಟೆ ಒಗೆಯುವ ಯಂತ್ರದ ಮುರಿದ ಮುಚ್ಚಳವನ್ನು ಹಿಡಿದಿತ್ತು, ಮೂರನೆಯದು ಒಂದು ಕಡೆ ಕತ್ತರಿಸಿಕೊಂಡು ಬಕೆಟ್ಟಿನ ಹಿಡಿಯಾಗಿತ್ತು.

"ಸತ್ತ ಟ್ಯೂಬಿಗೆ ಪೋಸ್ಟ್‌ಮಾರ್ಟಂ ಏನೇ?" ಎನ್ನುತ್ತಲೇ ಅತ್ತೆ ಗಂಟು ಬಿಚ್ಚಿಕೊಟ್ಟರು.

ಎರಡಕ್ಕೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದರು. ಗುಳ್ಳೆ ಎದ್ದಲ್ಲಿ ಅತ್ತಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಳಿ ತುಂಬುವ ಬಾಯಿಂದ ಟೇಪು ಹಿಡಿದು ಅಳೆದಳು. ಎಡಕ್ಕೆ ನಲವತ್ತಮೂರು ಸೆಂಟಿಮೀಟರ್. ಎರಡನೆಯದೂ ನಲವತ್ತಮೂರು. ಎರಡೂ ನೆಲದ ಕಡೆ ಅಲ್ಲ, ಗಾಳಿ ಬಾಯಿ ಇರುವ ಒಳಮಗ್ಗುಲಲ್ಲಿ.

ಕತ್ತರಿಸಿದ್ದನ್ನು ಕಿಟಕಿಯ ಬೆಳಕಿಗೆ ಎಳೆದು ಹಿಡಿದರು. ತೂತು ಸಿಕ್ಕಿತು, ಒಳಮಗ್ಗುಲಲ್ಲೇ, ನಲವತ್ತಮೂರಕ್ಕೇ. ಆದರೆ ಗಾಳಿ ಬಾಯಿಯ ಎಡಕ್ಕಲ್ಲ, ಬಲಕ್ಕೆ.

"ಹೋಯ್ತು," ಎಂದಳು ನಾದಿನಿ, ನಗಲು ಪ್ರಯತ್ನಿಸುತ್ತ. "ನಿಮ್ಮ ಸಿದ್ಧಾಂತಕ್ಕೂ ಪಂಚರ್ ಅತ್ತಿಗೆ. ಎಮ್ಮೆ ಚರ್ಮನೇ ಗತಿ."

ಅತ್ತಿಗೆ ಅದಕ್ಕೂ ಗುರುತು ಹಾಕಿ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಎರಡು ಒಂದು ಕಡೆ, ಒಂದು ಇನ್ನೊಂದು ಕಡೆ. ಬರಿಯ ಕಾಕತಾಳೀಯ ಇರಬಹುದೇ?

ಅತ್ತೆ ಬಕೆಟ್ಟಿಗಾಗಿ ಕಾದು ಕಾದು ಬೇಸತ್ತಿದ್ದರು. "ಬಳೆಗೆ ಎಡ ಬಲ ಉಂಟೇನ್ರೇ? ಹಾಕೋವಾಗ ತಿರುಗಿಸಿ ಹಾಕಿರ್ತಾನೆ," ಎಂದು ಟ್ಯೂಬಿನ ತುದಿ ಹಿಡಿದು ಮೇಜಿನ ಮೇಲೆ ಅತ್ತಿಂದಿತ್ತ ತಿರುಗಿಸಿಬಿಟ್ಟರು. ಮೂರು ಗುರುತುಗಳೂ ಒಂದೇ ಗೆರೆಗೆ ಬಂದು ನಿಂತವು.

ಅತ್ತಿಗೆ ಅತ್ತೆಯನ್ನು ನೋಡಿದ ನೋಟ, ಮದುವೆಯಾದಾಗಿನಿಂದ ಅವರು ಎಂದೂ ಕಾಣದ್ದು.

ಅಂಗಡಿಯಲ್ಲಿ ಪಂಡಿತ ಮೊದಲು ಮೂಗು ಮುರಿದ. "ಮೂವತ್ತು ವರ್ಷದಿಂದ ಚಕ್ರ ಬಿಚ್ತಿದೀನಿ ತಾಯಿ." ಆದರೂ ಬಿಚ್ಚಿದ. ಚಕ್ರದ ಲೋಹದ ಬಳೆಯೊಳಗೆ, ಕಡ್ಡಿಗಳ ತಲೆ ಕೂರುವ ತೂತುಗಳನ್ನು ಮುಚ್ಚಲು ಒಂದು ರಬ್ಬರ್ ಪಟ್ಟಿ ಸುತ್ತಿರುತ್ತದೆ. ಅತ್ತಿಗೆ ನಲವತ್ತಮೂರು ಅಳೆದು ಅಲ್ಲಿ ಹತ್ತಿಯ ಉಂಡೆ ಸವರಿದಳು. ಹತ್ತಿಯ ಎಳೆ ಸಿಕ್ಕಿಕೊಂಡಿತು. ಪಟ್ಟಿ ಉಗುರಿನಷ್ಟು ಪಕ್ಕಕ್ಕೆ ಸರಿದು, ತೂತಿನ ಹರಿತ ಅಂಚು ಅರ್ಧಚಂದ್ರದಂತೆ ಹೊರಗೆ ಇಣುಕುತ್ತಿತ್ತು.

ಪಂಡಿತ ಬಗ್ಗಿ ನೋಡಿದ. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದ. ಆಮೇಲೆ ಎಮ್ಮೆ ಚರ್ಮವನ್ನು ಎತ್ತಿ ಕಪಾಟಿಗೆ ವಾಪಸ್ ಇಟ್ಟ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು. ನಂದೇ ತಪ್ಪು. ಮುಳ್ಳು ಅಂದ್ಕೊಂಡ್ಬಿಟ್ಟೆ, ಮುಳ್ಳು ಸಿಗದೇ ಇದ್ದಾಗ್ಲೂ."

ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿದ. ಆದರೆ ಆ ಅಗಲದ ಪಟ್ಟಿ ಬರುವುದು ಬುಧವಾರ.

"ಸೋಮವಾರಕ್ಕೆ ಏನು ಮಾಡ್ಲಿ?" ಎಂದಳು ನಾದಿನಿ. ಮರುಕ್ಷಣ ತಾನೇ ತನ್ನ ಚೀಲ ತೆರೆದಳು. ಗಾಯದ ಮೇಲಿನ ಹತ್ತಿ ಜಾರದಂತೆ ಅಂಟಿಸುವ ಬಟ್ಟೆಯ ಪಟ್ಟಿ, ಪೂರ್ತಿ ಒಂದು ಸುರುಳಿ. ಉಳುಕಿದ ಕಾಲಿಗೆ ಸುತ್ತುವಂತೆ, ಒಂದು ಸುಕ್ಕೂ ಬಾರದ ಹಾಗೆ ಚಕ್ರದ ಸುತ್ತ ಎರಡು ಸುತ್ತು ಎಳೆದಳು.

"ಪೇಷೆಂಟಿಗೆ ನೋವಾಗ್ತಿದ್ಯಾ?" ಎಂದ ಪಂಡಿತ.

"ಸುಮ್ನೆ ಕೂತ್ಕೊಳ್ಳೋಕೆ ಹೇಳಿ."

ಇನ್ನು ಟ್ಯೂಬಿನ ಆಯ್ಕೆ. ನಾದಿನಿ ಟೈರಿನ ಪಕ್ಕೆಯ ಅಂಕಿ ಓದಿ, ಪೆಟ್ಟಿಗೆಯ ಅಂಕಿಗೆ ಹೋಲಿಸಿ, ಚಕ್ರದ ತೂತಿಗೆ ತಕ್ಕ ದಪ್ಪ ಗಾಳಿ ಬಾಯಿಯದ್ದೇ ಎಂದು ಖಚಿತ ಮಾಡಿಕೊಂಡು ಮಧ್ಯಮದ್ದನ್ನೇ ಎತ್ತಿಕೊಂಡಳು.

"ದಾರೀಲಿ ಕಲ್ಲಿದೆ, ಅದಕ್ಕಿಷ್ಟು ದಪ್ಪ ಸಾಕು. ನನ್ನ ಹೆದರಿಕೆಗೆ ಬೇರೆ ದಪ್ಪ ಬೇಡ."

ಸೋಮವಾರ ಏಳೂ ಮುಕ್ಕಾಲಿಗೆ ಅತ್ತಿಗೆಯ ಫೋನಿಗೆ ಒಂದು ಚಿತ್ರ ಬಂತು: ಚಿಕಿತ್ಸಾಲಯದ ಮುಚ್ಚಿದ ಬಾಗಿಲು, ಪಕ್ಕದಲ್ಲಿ ನೆಟ್ಟಗೆ ನಿಂತ ಬೈಕು. ಅವಳು ನಕ್ಕಳು, ಆದರೆ ನಂಬಲಿಲ್ಲ. ಒಂದು ದಿನದಿಂದ ಏನೂ ಸಾಬೀತಾಗುವುದಿಲ್ಲ. ಬುಧವಾರ ಪಟ್ಟಿ ಬಂದಿದೆಯೆಂದು ಪಂಡಿತ ಹೇಳಿಕಳಿಸಿದ. ಪೇಷೆಂಟ್ ಚೆನ್ನಾಗಿದ್ದಾನೆ, ಕಟ್ಟು ಬಿಚ್ಚುವುದಿಲ್ಲ ಎಂದು ನಾದಿನಿ ಉತ್ತರ ಕಳಿಸಿದಳು. ಎಂಟನೆಯ ದಿನ ಕಳೆಯಿತು. ಹನ್ನೊಂದನೆಯ ದಿನ ಬೆಳಿಗ್ಗೆ ಅತ್ತಿಗೆ ಎದ್ದವಳೇ ಅಂಗಳಕ್ಕೆ ಹೋಗಿ ಹೆಬ್ಬೆರಳಿಂದ ಹಿಂದಿನ ಟೈರನ್ನು ಅದುಮಿದಳು. ಕಲ್ಲಿನ ಹಾಗಿತ್ತು.

ಹನ್ನೆರಡನೆಯ ದಿನ ಅತ್ತೆ ಕುಂಬಳದ ಬಳ್ಳಿಯ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅದು ಕಂಬ ಮುಗಿಸಿ ಪಕ್ಕದ ಬೇಲಿಗೆ ಕೈ ಹಾಕಿತ್ತು.

"ಬಳ್ಳಿ ಹೀಗೆ ಬೆಳೀತಿದೆ, ಕಟ್ಟೋಕೆ ಟ್ಯೂಬಿಲ್ಲ. ನಿನ್ನ ಚಕ್ರ ಇನ್ಯಾವಾಗ ಮಲಗುತ್ತೇ?"

ನಾದಿನಿ ಆಗಲೇ ಪೆಡಲಿನ ಮೇಲೆ ಕಾಲಿಟ್ಟಿದ್ದಳು. "ಸಂಜೆ ಹಗ್ಗ ತರ್ತೀನಮ್ಮ!" ಎಂದು ಕೂಗಿ ಗುಡ್ಡದ ಕಡೆ ತಿರುಗಿದಳು.