ಬೆಂಕಿಕಡ್ಡಿಯಷ್ಟು ಸಲಿಗೆ

ಎಣ್ಣೆಯ ತೊಟ್ಟು ಕಾಗದದ ಆಲಿಕೆಯ ಮೂತಿಯಲ್ಲಿ ನಿಂತಿದೆ, ಬೀಳುತ್ತಿಲ್ಲ, ಒಳಗೆ ಬರುವ ಮನಸ್ಸಿದ್ದೂ ಬಿಗುಮಾನ ಬಿಡದ ನೆಂಟರ ಹಾಗೆ ಬಾಗಿಲಲ್ಲೇ, ಅದರೊಳಗೆ ವರಾಂಡದ ಕಿಟಕಿ ತಲೆಕೆಳಗಾಗಿ, ಕಿಟಕಿಯೊಳಗೆ ಬೆಳಗು, ಬೆಳಗಿನೊಳಗೆ ಇವರು, ಕುರ್ಚಿಯಲ್ಲಿ ತಲೆಕೆಳಗಾಗಿ ಕೂತ ನನ್ನ ಗಂಡ, ಸಾಸಿವೆಕಾಳಿನಷ್ಟು — ಬಿತ್ತು. ಬೈಕಿನ ಹೊಸ ಕ್ಲಚ್ ಕೇಬಲ್ಲಿನ ಕೊಳವೆಯೊಳಗೆ ಸದ್ದಿಲ್ಲದೆ ಹೋಯಿತು. ಇನ್ನೆರಡು ತೊಟ್ಟು ಬಿಡು, ಅವಸರ ಮಾಡ್ಬೇಡ, ತಾನಾಗೇ ಇಳೀಬೇಕು, ಅನ್ನುತ್ತಾರೆ. ಅವಸರ ಯಾರಿಗಿದೆ. ಈ ತೊಟ್ಟುಗಳು ಇಳಿಯುವುದನ್ನೇ ನೋಡುತ್ತ ನಾನು ಒಂದು ವರ್ಷ ಕಳೆದೇನು, ಕೇಬಲ್ ಕೂರಿಸಿದ ಮೇಲೆ ಇವರು ಎಡಗೈ ಚಾಚಿ ಕ್ಲಚ್ಚು ಹಿಡಿಯುತ್ತಾರಲ್ಲ, ಆ ಗಳಿಗೆ ಬಾರದಿದ್ದರೆ ಸಾಕು. ಕ್ಲಚ್ಚು ಕಲ್ಲಾಗ್ಬಿಟ್ಟಿದೆ ಕಣೇ, ಕೇಬಲ್ ಸವೆದಿದೆ, ಅದನ್ನ ಬದಲಾಯ್ಸಿದ್ರೆ ಬೆಣ್ಣೆ ಆಗುತ್ತೆ ನೋಡು — ಹೋದ ವಾರದಿಂದ ಇದೇ ಜಪ. ಐದು ತಿಂಗಳ ಹಿಂದೆ ಅಡುಗೆಮನೆಯಲ್ಲಿ ಇವರ ಎಡಗೈಯಿಂದ ಕಾಫಿ ಲೋಟ ಬಿತ್ತು, ಬಿದ್ದದ್ದು ನಾನು ಕಂಡೆ, ಬಿದ್ದದ್ದು ಇವರಿಗೆ ಗೊತ್ತಾಗಲಿಲ್ಲ, ಬೆರಳುಗಳು ಇನ್ನೂ ಲೋಟ ಹಿಡಿದವರ ಹಾಗೆ ಗಾಳಿಯನ್ನು ಹಿಡಿದಿದ್ದವು. ಆಸ್ಪತ್ರೆ, ಹನ್ನೊಂದು ದಿನ, ಮನೆಗೆ ಬಂದ ಮೇಲೆ ಮನೆಯ ಸಾಮಾನೆಲ್ಲ ಒಂದೊಂದಾಗಿ ಕೆಟ್ಟುಹೋದವು, ಲೋಟ ಜಾರುವ ಜಾತಿಯದು, ಅಂಗಿಯ ಕಾಜ ಕಿರಿದು, ನಲ್ಲಿ ಬಿಗಿ, ಕೊನೆಗೆ ಕೇಬಲ್. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಮ್ಮ ಮನೆಯಲ್ಲಿ ನೆಲ ಎಷ್ಟು ಡೊಂಕೆಂದರೆ ಪಾತ್ರೆಗಳೆಲ್ಲ ಉರುಳಿಹೋಗಬೇಕಿತ್ತು. ಆಸ್ಪತ್ರೆಯವರು ಹಿಸುಕುವುದಕ್ಕೆಂದು ಕೊಟ್ಟ ರಬ್ಬರ್ ಚೆಂಡು ಮಂಚದ ಕೆಳಗಿದೆ, ಧೂಳು ಹೊದ್ದು, ನಾನೇನು ಕೂಸಾ ಅಂತ ಎಸೆದದ್ದು — ಬಲಗೈಯಲ್ಲಿ ಎಸೆದದ್ದು, ಅದನ್ನೂ ನಾನು ಗಮನಿಸಿದೆ, ಗಮನಿಸಿ ಗಮನಿಸಿಯೇ ನನ್ನ ಜನ್ಮ ಸವೆಯಿತು.

ಎರಡನೆಯ ತೊಟ್ಟು. ಮೂವತ್ತು ವರ್ಷ ಅಚ್ಚುಕೂಟದಲ್ಲಿ ಕೂತು ಊರವರ ಕಾಗುಣಿತ ತಿದ್ದಿದವಳು ನಾನು, ಒತ್ತಕ್ಷರ ಕಂಡರೆ ಮುಟ್ಟಿ ನೋಡುವ ಚಾಳಿ, ಇವರು ನನ್ನನ್ನು ಕರೆಯುವುದೇ ಪ್ರೂಫಮ್ಮ ಎಂದು, ಇದೊಂದು ಸಾಲನ್ನು ಮಾತ್ರ ಕಂಡೂ ಕಾಣದವಳಂತೆ ಹಾಳೆ ತಿರುವಿದ್ದೇನೆ, ಕೇಬಲ್ ಅಲ್ಲ, ಕೈ — ಒಂದಕ್ಷರದ ತಿದ್ದುಪಡಿ, ಅಂಚಿನಲ್ಲಿ ಕೆಂಪು ಶಾಯಿ. ಗ್ಯಾರೇಜಿನವನು ಬಂದಿದ್ದ, ಕೆಮ್ಮಣ್ಣ, ಇವರ ಹಳೆಯ ಸ್ನೇಹಿತ, ಅವನು ರಿಪೇರಿ ಮಾಡಿದ ಇಂಜಿನ್ನುಗಳೆಲ್ಲ ಕೆಮ್ಮುತ್ತವೆಂದು ಆ ಹೆಸರು, ಎರಡೇ ಬೆರಳಲ್ಲಿ ಕ್ಲಚ್ಚು ಎಳೆದು ನೋಡಿದ, ಗೇಟಿನ ಹತ್ತಿರ ಬಂದು ದನಿ ತಗ್ಗಿಸಿದ, ಅತ್ತಿಗೆ, ನನ್ನ ಎರಡು ಬೆರಳಿಗೆ ಬರ್ತಿದೆ, ಅಣ್ಣನಿಗೆ ನೀವೇ ಹೇಳಿ. ನಾನೇ ಹೇಳಬೇಕಂತೆ. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವ ಕೆಲಸ ಯಾವಾಗಲೂ ಅತ್ತಿಗೆಯರದು. ಅವನು ಬೇಡ, ಅಂದರು ಇವರು, ಅವನು ಮುಟ್ಟಿದ್ರೆ ಊರಿಗೆಲ್ಲ ವರದಿ, ನೀನು ಮಾಡು, ನಾನು ಹೇಳ್ತಾ ಹೋಗ್ತೀನಿ, ಬರಹ ತಿದ್ದೋಳಿಗೆ ಬೈಕ್ ಏನು ಮಹಾ. ಹಾಗಾಗಿ ನಾನು, ಸೆರಗು ಸೊಂಟಕ್ಕೆ ಸಿಕ್ಕಿಸಿ, ನನಗಿಂತ ನಾಲ್ಕೇ ವರ್ಷ ಚಿಕ್ಕದಾದ ಈ ಮುದಿ ಬೈಕಿನ ಮುಂದೆ ಮಣೆ ಹಾಕಿಕೊಂಡು. ಎಣ್ಣೆ ಬಿಡುವುದಕ್ಕೆ ಮೊದಲು ಇವರ ಪಾಠ, ಹಳೇ ಕೇಬಲ್ ಹಾಗೇ ಎಳೀಬೇಡ ದಡ್ಡಿ, ಮೊದ್ಲು ಅದರ ತುದಿಗೆ ದಾರ ಕಟ್ಟು, ಕೇಬಲ್ ಈಚೆ ಬಂದ ಹಾಗೆ ದಾರ ಒಳಗೆ ಹೋಗುತ್ತೆ, ಆಮೇಲೆ ಅದೇ ದಾರಕ್ಕೆ ಹೊಸದನ್ನ ಕಟ್ಟಿ ಎಳ್ಕೊ, ಹೋದ ದಾರೀಲೇ ವಾಪಸ್ ಬರುತ್ತೆ. ಬಿಳಿ ದಾರ ಟ್ಯಾಂಕಿನ ಕೆಳಗೆ ಕತ್ತಲೆಗೆ ಹೋಯಿತು, ನಾನೂ ಹೋದೆ, ಮದುವೆಯಾದ ಹೊಸದರಲ್ಲಿ ಇದೇ ಟ್ಯಾಂಕಿನ ಹಿಂದೆ, ಇವರ ಬೆನ್ನಿನ ಹಿಂದೆ, ದಿಣ್ಣೆಯ ರಸ್ತೆಯಲ್ಲಿ ಗಾಡಿ ನಿಂತು ಹಿಂದಕ್ಕೆ ಜಾರುತ್ತಿದೆ, ನಾನು ದೇವರನ್ನು ನೆನೆಯುತ್ತಿದ್ದೇನೆ, ಇವರು ಸೀಟಿ ಹಾಕುತ್ತಿದ್ದಾರೆ, ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಡುತ್ತಾರೆ, ಗಾಡಿ ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ, ಇಳಿಜಾರಿನಲ್ಲಿ ಹಾಗೇ ತೇಲುತ್ತಿದೆ, ಹೆದರಿದ್ಯಾ, ಇಲ್ಲ ಅನ್ನುತ್ತೇನೆ, ಸುಳ್ಳು, ಎಡಗೈಯ ನಾಲ್ಕು ಬೆರಳು ಇಬ್ಬರನ್ನೂ ಒಂದು ಕಬ್ಬಿಣದ ಕುದುರೆಯನ್ನೂ ಹಿಡಿದು ನಿಲ್ಲಿಸಿವೆ — ಏನು ನಿದ್ದೆ ಮಾಡ್ತಿದ್ದೀಯಾ, ಎಳಿ.

ಎಳೆದೆ, ಹಳೆಯದು ಪೂರ್ತಿ ಈಚೆ ಬಂತು, ಮೇಲಿನ ತುದಿಯ ಗುಂಡಿನ ಹತ್ತಿರ ಮೂರು ಎಳೆ ಹರಿದು ಮೀಸೆಯ ಹಾಗೆ ಎದ್ದು ನಿಂತಿದ್ದವು. ನೋಡಿದ್ಯಾ, ನೋಡಿದ್ಯಾ, ನಾನ್ ಹೇಳ್ಲಿಲ್ವಾ ಸವೆದಿದೆ ಅಂತ! ಇವರ ಮುಖ. ಐದು ತಿಂಗಳಿಂದ ಕಾಣದಿದ್ದ ಮುಖ, ಪರೀಕ್ಷೆಯಲ್ಲಿ ಪಾಸಾದ ಹುಡುಗನದು. ಹಾಗಾದರೆ ಕೇಬಲ್ಲೇ ಇರಬಹುದು, ಕೆಮ್ಮಣ್ಣನಿಗೇನು ಗೊತ್ತು, ಮೂರು ಎಳೆ ಹೋದರೆ ಬಿಗಿಯಾಗುವುದಿಲ್ಲವೇ, ಹೊಸದು ಬೆಣ್ಣೆಯಾಗುವುದಿಲ್ಲವೇ, ನಾನು ನಂಬಿದೆ, ದಾರಕ್ಕೆ ಹೊಸ ಕೇಬಲ್ ಗಂಟು ಹಾಕಿ ಎಳೆಯುವಷ್ಟು ಹೊತ್ತು ಪೂರ್ತಿ ನಂಬಿದೆ. ಈಗ ಮೂರನೆಯ ತೊಟ್ಟೂ ಬಿತ್ತು. ಕೆಳಗಿನ ತುದಿಯನ್ನು ಇಂಜಿನ್ನಿನ ಕೊಕ್ಕೆಗೆ ಸಿಕ್ಕಿಸಿದೆ, ಮೇಲಿನ ಗುಂಡನ್ನು ಕ್ಲಚ್ಚಿನ ಹಿಡಿಯ ತೂತಿನಲ್ಲಿ ಕೂರಿಸಿದೆ, ಇನ್ನು ಉಳಿದದ್ದು ತಿರುಪು. ಸಲಿಗೆ ಕೊಡು, ಅನ್ನುತ್ತಾರೆ. ಸಲಿಗೆ ಅಲ್ಲ, ಸಡಿಲ, ಎಂದು ನಾನು ಮದುವೆಯಾದ ವರ್ಷವೇ ತಿದ್ದಿದ್ದೆ. ನಿನ್ನ ಅಚ್ಚುಕೂಟದಲ್ಲಿ ಸಡಿಲ, ನನ್ನ ಗಾಡೀಲಿ ಸಲಿಗೆ, ಬೆಂಕಿಕಡ್ಡಿ ದಪ್ಪ ಕೊಡ್ಬೇಕು, ಕೊಡದಿದ್ರೆ ಮುನಿಸ್ಕೊಳ್ಳುತ್ತೆ, ಜಾಸ್ತಿ ಕೊಟ್ರೆ ತಲೆ ಮೇಲೆ ಕೂರುತ್ತೆ, ಹೆಂಡ್ತಿ ಇದ್ದ ಹಾಗೆ. ಆ ಹಳೆಯ ಜೋಕಿಗೆ ನಾನು ಹಳೆಯ ಪದ್ಧತಿಯಂತೆ ನಗದೆ, ಬೆನ್ನು ಅಡ್ಡ ಮಾಡಿ, ತಿರುಪನ್ನು ಒಳಕ್ಕೆ ತಿರುಗಿಸಿದೆ, ಇನ್ನೊಂದು ಸುತ್ತು, ಇನ್ನೂ ಒಂದು, ಸುತ್ತು ಮುಗಿಯುವವರೆಗೆ, ಕೇಬಲ್ ಜೋತುಬಿತ್ತು, ಈಗ ಹಿಡಿಯನ್ನು ಕೂಸು ಎಳೆದರೂ ಬರುತ್ತದೆ, ಒಳಗೆ ಏನೂ ಅಲುಗದೆ. ಬರಲಿ. ಇಂಜಿನ್ ಶುರು ಮಾಡುವವರು ಯಾರು, ಸ್ಟ್ಯಾಂಡಿನ ಮೇಲೇ ನಿಂತಿರುತ್ತದೆ, ಒಂದು ಬೆಳಗು ಬೆಣ್ಣೆಯಾದರೆ ಯಾರ ಗಂಟು ಹೋಗುತ್ತದೆ — ಮತ್ತೆ ದಿಣ್ಣೆ ಕಂಡಿತು, ಕ್ಲಚ್ಚು ಹಿಡಿಯದ ಗಾಡಿ ಗೇರಿಗೆ ಬಿದ್ದು ಚಂಗನೆ ನೆಗೆಯಿತು, ಬೀದಿ, ಇವರು — ಕಣ್ಣು ಮುಚ್ಚಿ ತೆರೆದೆ, ಬನ್ನಿ, ಆಯ್ತು, ಅಂದೆ.

ಬಂದರು, ಕಾಲೆಳೆಯುತ್ತ, ಬಲಗೈಯಲ್ಲಿ ಎಡಗೈಯನ್ನು ಎತ್ತಿ ಹಿಡಿಯ ಮೇಲಿಟ್ಟರು, ಪಾತ್ರೆಯಿಟ್ಟ ಹಾಗೆ, ಬೆರಳುಗಳು ಮಡಿಚಿಕೊಂಡವು, ಹಿಡಿ ಬಂತು, ಪೂರ್ತಿ ಬಂತು, ನಾನು ನಗಲು ಬಾಯಿ ತೆರೆದೆ. ಇವರು ನಗಲಿಲ್ಲ. ತಲೆ ವಾಲಿಸಿ ಕೇಳುತ್ತಿದ್ದರು, ಇಂಜಿನ್ನಿನ ಕಡೆಯಿಂದ ಬರಬೇಕಾಗಿದ್ದ ಸಣ್ಣದೊಂದು ಟಕ್, ಅದು ಬರಲಿಲ್ಲ, ಬೀದಿಯಲ್ಲಿ ಯಾರದೋ ಸೈಕಲ್ ಗಂಟೆ ಬಂತು ಹೋಯಿತು. ಪ್ರೂಫಮ್ಮ, ಎಷ್ಟು ಸಲಿಗೆ ಕೊಟ್ಟೆ? ಬೆಂಕಿಕಡ್ಡಿಯಷ್ಟು, ಅಂದೆ. ಬೆಂಕಿಪೊಟ್ಟಣದಷ್ಟು ಕೊಟ್ಟಿದ್ದೀಯ. ನಾನು ನೆಲ ನೋಡಿದೆ, ನೆಲ ಡೊಂಕಾಗಿರಲಿಲ್ಲ. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ, ಇದು ಕೇಬಲ್ ಅಲ್ಲ ಅಂತ ನಂಗೂ ಗೊತ್ತು ಕಣೇ, ಅಂದರು, ಬಹಳ ಸಣ್ಣಗೆ, ಬೇರೆ ಯಾರದೋ ಗುಟ್ಟು ಹೇಳುವ ಹಾಗೆ, ತಿರುಪು ಬಿಗಿ ಮಾಡು, ಕಡ್ಡಿ ತಗೊಂಡ್ ಬಾ. ತಂದೆ. ಹಿಡಿಯ ಬುಡದ ಸಂದಿನಲ್ಲಿಟ್ಟು, ಕಡ್ಡಿ ತಾನಾಗಿ ನಿಲ್ಲುವವರೆಗೆ ಬಿಗಿ ಮಾಡಿದೆ, ಕೆಂಪು ತಲೆ ಹೊರಗಿಟ್ಟು ನಿಂತಿತು. ಈಗ ಹಿಡಿ ನಿಜವಾಗಿ ಎಳೆದರೆ ಸಂದು ಅಗಲವಾಗಿ ಕಡ್ಡಿ ಬೀಳಬೇಕು, ಅಷ್ಟೇ ಲೆಕ್ಕ, ಇದರಲ್ಲಿ ಸುಳ್ಳಿಗೆ ಜಾಗವಿಲ್ಲ. ಬೆರಳುಗಳು ಮಡಿಚಿಕೊಂಡವು. ಗೆಣ್ಣುಗಳು ಬೆಳ್ಳಗಾದವು, ಕುತ್ತಿಗೆಯ ನರ ಎದ್ದಿತು, ತೊಟ್ಟು ಬೀಳುತ್ತದೆ, ಲೋಟ ಬೀಳುತ್ತದೆ, ಬೇಡದ್ದೆಲ್ಲ ಬೀಳುತ್ತದೆ, ಬೀಳೇ, ನಿನ್ನ ಕಾಲಿಗೆ ಬೀಳುತ್ತೇನೆ, ಬೀಳು — ಬಿತ್ತಾ? ಕೇಳುತ್ತಾರೆ, ಕನ್ನಡಕ ಕುರ್ಚಿಯ ಮೇಲಿದೆ, ಇವರಿಗೆ ಕಾಣುವುದಿಲ್ಲ, ಬಿತ್ತು ಎಂದುಬಿಡಬಹುದು, ಮೂರಕ್ಷರವೂ ಅಲ್ಲ. ಇಲ್ಲ, ಅಂದೆ. ಹೂಂ. ಉಸಿರು ಬಿಟ್ಟರು, ಕೈ ತೆಗೆದರು. ತೆಗೀಬೇಡ ಅದನ್ನ, ಅಲ್ಲೇ ಇರ್ಲಿ, ನಾಳೆ ಬಂದು ಮತ್ತೆ ಕೇಳ್ತೀನಿ, ಅಂದು ಕಾಲೆಳೆಯುತ್ತ ಒಳಗೆ ಹೋದರು, ಮಂಚದ ಕೆಳಗೆ ಏನನ್ನೋ ಪೊರಕೆಯ ಹಿಡಿಯಿಂದ ಈಚೆ ಎಳೆಯುವ ಸದ್ದು, ರಬ್ಬರಿನದು, ಉರುಳುವಂಥದು, ನಾನು ತಿರುಗಿ ನೋಡುವುದಿಲ್ಲ, ಕೈತುಂಬ ಎಣ್ಣೆ, ಎದುರಿಗೆ ಕಡ್ಡಿ, ಅದರ ಕೆಂಪು ತಲೆ ಒಂಚೂರು, ಒಂದೇ ಒಂಚೂರು ವಾಲಿದೆ, ಆಗಲೂ ಹೀಗೇ ವಾಲಿತ್ತೇ, ನಾನು ಇಟ್ಟಾಗ ನೆಟ್ಟಗಿತ್ತಲ್ಲವೇ, ಕಡ್ಡಿ, ಕೆಂಪು ತಲೆ, ನೆಟ್ಟಗಿತ್ತು, ನೆಟ್ಟಗೇ ಇತ್ತು