ಅಭ್ಯಾಸದ ಡಬ್ಬಿ

ಶನಿವಾರದ ತರಗತಿಯವರು ಅವಳಿಗೆ ಉತ್ತರಕ್ಕ ಎಂದು ಹೆಸರಿಟ್ಟಿದ್ದರು. ದೊಡ್ಡ ವಯಸ್ಸಿನಲ್ಲಿ ಹೊಸದಾಗಿ ಚರ್ಚು ಸೇರಬಯಸುವವರು ಮೊದಲು ಅವಳ ಮುಂದೆ ಕೂತು ಹೊಟ್ಟೆಯೊಳಗಿನ ಸಂಶಯವನ್ನೆಲ್ಲ ಕಕ್ಕಬೇಕು; ದೀಕ್ಷಾಸ್ನಾನ ಆಮೇಲಿನ ಮಾತು. ಚರ್ಚಿನ ಹಿಂಬದಿಗೆ ಒಂದು ಕೋಣೆ, ಅದರಲ್ಲಿ ಕುಂಟುವ ಮೇಜು, ಮೇಜಿನ ಕಾಲಡಿ ಮಡಚಿಟ್ಟ ರಟ್ಟು. ಯಾರು ಏನು ಕೇಳಿದರೂ ಅವಳು ಮೊದಲು ಆ ರಟ್ಟನ್ನು ಪಾದದಿಂದ ಒಳಕ್ಕೆ ತಳ್ಳಿ ಆಮೇಲೆ ಬಾಯಿ ತೆರೆಯುತ್ತಿದ್ದಳು. ಮೇಜು ಅಲುಗದಿದ್ದರೆ ಉತ್ತರವೂ ಅಲುಗುವುದಿಲ್ಲ ಎಂಬಂತೆ.

“ಪಿತ, ಸುತ, ಪವಿತ್ರಾತ್ಮ ಅಂತ ಮೂರು ಹೇಳ್ತೀರಿ, ಮತ್ತೆ ದೇವರು ಒಂದೇ ಅಂತೀರಿ. ತ್ರೀ ಫೇಸ್ ಕರೆಂಟ್ ಥರಾನಾ ಅಕ್ಕ?” ಎಂದು ಎಲೆಕ್ಟ್ರಿಷಿಯನ್ ಕೇಳಿದ್ದ. ಮದುವೆಯಾಗಲಿರುವ ಹುಡುಗಿಗಾಗಿ ಬಂದವನು. ಈಗೀಗ ಅವನಿಗೆ ಹುಡುಗಿಗಿಂತ ಪ್ರಶ್ನೆಗಳ ಮೇಲೇ ಮೋಹ ಜಾಸ್ತಿಯಾಗಿತ್ತು.

“ಥರ ಅಂದ ಕೂಡಲೇ ತಪ್ಪಾಯ್ತು ನೋಡು. ದೇವರು ಯಾವುದರ ಥರಾನೂ ಅಲ್ಲ.”

“ಹಾಗಾದ್ರೆ ತಲೆಗೆ ಹತ್ತೋದು ಹೇಗೆ?”

“ಪೂರ್ತಿ ಹತ್ತಿಬಿಟ್ರೆ ಅದು ನಿನ್ನ ತಲೆಯಷ್ಟೇ ಅಂತಾಯ್ತು. ಅಷ್ಟು ಚಿಕ್ಕ ದೇವರನ್ನ ಇಟ್ಕೊಂಡು ಏನಪ್ಪ ಮಾಡೋದು?”

ಅವನ ಪಕ್ಕದಲ್ಲಿ ಕೂತಿದ್ದ, ಅದೇ ತರಗತಿಯ ನರ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಅವಳು ಕೇಳಿದ್ದು ಕಡಿಮೆ, ಆದರೆ ಕೇಳಿದ್ದು ಹಗುರವಾಗಿರುತ್ತಿರಲಿಲ್ಲ. ವಾರ್ಡಿನಲ್ಲಿ ಮಕ್ಕಳು ನರಳುವಾಗ ಒಳ್ಳೆಯ ದೇವರು ಎಲ್ಲಿ ಹೋಗಿರ್ತಾನೆ? ಅದಕ್ಕೆ ಉತ್ತರಕ್ಕ: ಅವನೂ ಶಿಲುಬೆಯ ಮೇಲೆ ನರಳಿದವನೇ ಅಲ್ವಾ, ದೂರ ನಿಂತು ನೋಡೋನಲ್ಲ. ದೀಕ್ಷಾಸ್ನಾನ ಇಲ್ಲದೆ ಸತ್ತ ನನ್ನಪ್ಪ ಎಲ್ಲಿದ್ದಾರೆ? ದೇವರ ಕರುಣೆಯನ್ನ ನೀರಿನ ಬಟ್ಟಲಲ್ಲಿ ಅಳೆಯೋಕಾಗಲ್ಲಮ್ಮ. ಉತ್ತರಗಳು ತೊಳೆದು ಜೋಡಿಸಿಟ್ಟ ತಟ್ಟೆಗಳಂತೆ ಅವಳ ಕೈಗೆಟುಕುವಲ್ಲೇ ಇದ್ದವು. ಯಾವುದೂ ಸುಳ್ಳಲ್ಲ. ಅವಳು ನಂಬದೆ ಹೇಳಿದ್ದೂ ಒಂದಿಲ್ಲ.

ಅವಳ ಅಣ್ಣ ಮಾತ್ರ ಈ ಹೆಸರನ್ನು ಹಿಡಿದು ಆಡಿಕೊಳ್ಳುತ್ತಿದ್ದ. ಬೀಗ ರಿಪೇರಿ, ಡೂಪ್ಲಿಕೇಟ್ ಕೀ ಮಾಡುವ ಗೂಡಂಗಡಿ ಅವನದು. “ಬಾರಮ್ಮ ಉತ್ತರಕ್ಕ, ದೇವರು ಇವತ್ತು ಏನು ಹೇಳಿ ಕಳಿಸಿದಾನೆ?” ಎನ್ನುವನು. ಅಪ್ಪ ಸತ್ತ ವರ್ಷ ಚರ್ಚು ಬಿಟ್ಟವನು, ಮಗಳ ಮದುವೆಗೂ ಬಾಗಿಲ ಹತ್ತಿರದ ಬೆಂಚಿನಲ್ಲೇ ಕೂತಿದ್ದ. ಎಲ್ಲರೂ ಎದ್ದು ಪರಮಪ್ರಸಾದಕ್ಕೆ ಸಾಲುಗಟ್ಟಿದಾಗ ಅವನು ಬಾಗಿಲ ಚಿಲಕವನ್ನು ಆಚೀಚೆ ಆಡಿಸಿ ನೋಡುತ್ತಿದ್ದನಂತೆ.

ಶ್ವಾಸಕೋಶ ಕೈಕೊಟ್ಟು ಮಲಗಿದವನು, ಕೊನೆಗೆ ಒಂದು ಶನಿವಾರ ಬೆಳಿಗ್ಗೆ ಅತ್ತಿಗೆಯ ಕೈಲಿ ಫೋನ್ ಮಾಡಿಸಿದ. “ಅದನ್ನ ತರಬೇಕಂತೆ ಕಣೆ. ನೀನೇ ತರಬೇಕಂತೆ” ಎಂದಳು ಅತ್ತಿಗೆ.

ಅದು ಎಂದರೆ ಪರಮಪ್ರಸಾದ, ರೊಟ್ಟಿಯ ಒಂದು ಬಿಲ್ಲೆ. ಬರೀ ಹಿಟ್ಟು, ನೀರು, ಉಪ್ಪಿಲ್ಲ, ಹುಳಿಯಿಲ್ಲ. ಕಾಗದದಷ್ಟು ತೆಳು, ನಾಣ್ಯದಷ್ಟು ದುಂಡು. ಪೂಜೆಯಲ್ಲಿ ಫಾದರ್ ಅದರ ಮೇಲೆ ಕ್ರಿಸ್ತರ ಮಾತನ್ನು ಉಚ್ಚರಿಸಿದ ಮೇಲೆ ಅದು ಹಿಟ್ಟಲ್ಲ, ಅವರ ಶರೀರ. ಹಾಸಿಗೆ ಹಿಡಿದವರ ಮನೆಗೆ ಅದನ್ನು ಚಿಕ್ಕ ಡಬ್ಬಿಯಲ್ಲಿಟ್ಟು ಒಯ್ಯುವ ಅನುಮತಿ ಅವಳಿಗಿತ್ತು. ಒಂದು ನಿಯಮ: ಡಬ್ಬಿ ಕೈಗೆ ಬಂದ ಮೇಲೆ ನೇರವಾಗಿ ರೋಗಿಯ ಮನೆಗೇ ಹೋಗಬೇಕು. ದಾರಿಯಲ್ಲಿ ಅಂಗಡಿಯಿಲ್ಲ, ಹರಟೆಯಿಲ್ಲ.

ಅಂಥದೇ ಇನ್ನೊಂದು ಡಬ್ಬಿಯೂ ಅವಳ ಹತ್ತಿರ ಇತ್ತು. ಒಂದೇ ಅಂಗಡಿಯಲ್ಲಿ ಕೊಂಡ ಜೋಡಿ. ಎರಡನೆಯದರಲ್ಲಿ ಮಂತ್ರಿಸದ ಬಿಲ್ಲೆಗಳು, ತರಗತಿಯ ಅಭ್ಯಾಸಕ್ಕೆ. ಮೊದಲ ಸಲ ತೆಗೆದುಕೊಳ್ಳುವವರು ಗಾಬರಿಯಲ್ಲಿ ಕೆಮ್ಮುತ್ತಾರೆ, ಕೈ ಜಾರಿಸುತ್ತಾರೆ, ಅಂಗುಳಿಗೆ ಅಂಟಿತೆಂದು ಬೆರಳು ಹಾಕುತ್ತಾರೆ. ಎಡಗೈ ಮೇಲೆ, ಬಲಗೈ ಕೆಳಗೆ, ಆಮೆನ್ ಅನ್ನು, ಬಾಯಲ್ಲಿ ಕರಗುವ ತನಕ ಮಾತಾಡಬೇಡ ಎಂದು ಅವಳು ಮುಂಚೆಯೇ ರೂಢಿ ಮಾಡಿಸುತ್ತಿದ್ದಳು. ರೋಗಿಗಳ ಡಬ್ಬಿಯ ಮುಚ್ಚಳಕ್ಕೆ ಕೆಂಪು ನೇಲ್ ಪಾಲಿಷಿನ ಒಂದು ಬೊಟ್ಟು ಇಟ್ಟಿದ್ದಳು. ಗುರುತು ಅದೊಂದೇ.

ಆ ಶನಿವಾರ ಫಾದರ್ ಬೇರೆ ಊರಿಗೆ ಹೊರಟಿದ್ದರು. ಹೊರಡುವ ಮುಂಚೆಯೇ ಮಂತ್ರಿಸಿದ ಬಿಲ್ಲೆಯೊಂದನ್ನು ರೋಗಿಗಳ ಡಬ್ಬಿಗೆ ಹಾಕಿ ಅವಳ ಕೈಗಿತ್ತು ಬಸ್ಸು ಹಿಡಿದರು. ಅವಳು ಅಣ್ಣನ ಮನೆಯ ಕಡೆ ತಿರುಗಬೇಕಿತ್ತು. ಆದರೆ ಹಿಂದಿನ ಕೋಣೆಯಲ್ಲಿ ಎಲೆಕ್ಟ್ರಿಷಿಯನ್ ಆಗಲೇ ಬಂದು ಕೂತು, ಸುಮ್ಮನಿರಲಾರದೆ ಫ್ಯಾನಿನ ರೆಗ್ಯುಲೇಟರ್ ಬಿಚ್ಚಿಟ್ಟಿದ್ದ. ಇವನನ್ನು ಬೇಗ ಸಾಗಹಾಕಿ ಹೋದರಾಯಿತು ಎಂದುಕೊಂಡಳು. ಅಂದು ಅವನು ಕೇಳಿದ ಪ್ರಶ್ನೆ ಇದು:

“ಮಂತ್ರಿಸಿದ್ದು ಯಾವುದು, ಮಂತ್ರಿಸದ್ದು ಯಾವುದು ಅಂತ ನೋಡಿ ಹೇಳಬಹುದಾ ಅಕ್ಕ?”

“ಇಲ್ಲ. ಕಣ್ಣಿಗೆ, ಮೂಗಿಗೆ, ನಾಲಗೆಗೆ ಎರಡೂ ಒಂದೇ. ಒಳಗಿರೋದು ಬೇರೆ.”

“ಟೆಸ್ಟರ್ ಇಟ್ರೂ ಗೊತ್ತಾಗಲ್ವಾ?”

“ಲೈವ್ ವೈರ್ ಅಂದ್ಕೊಂಡಿದೀಯಾ? ಕೈ ಚಾಚು.”

ಅವನು ಅಭ್ಯಾಸ ಮಾಡಿ, ಕೆಮ್ಮದೆ ನುಂಗಿ, ಪರೀಕ್ಷೆ ಪಾಸಾದವನಂತೆ ಹೋದ. ನರ್ಸಿಗೆ ಡ್ಯೂಟಿ ಇತ್ತು, ಬಂದಿರಲಿಲ್ಲ. ಅಭ್ಯಾಸದ ಡಬ್ಬಿಯಲ್ಲಿ ಅವಳ ಪಾಲಿನ ಬಿಲ್ಲೆಯೊಂದೇ ಉಳಿಯಿತು. ಎರಡೂ ಡಬ್ಬಿಗಳನ್ನು ಒಂದೇ ಕೈಚೀಲಕ್ಕೆ ಹಾಕಿಕೊಂಡು ಉತ್ತರಕ್ಕ ದಾಪುಗಾಲು ಹಾಕಿದಳು.

ಅಣ್ಣನ ಕೋಣೆಗೆ ಪರದೆ ಎಳೆದಿತ್ತು. ಆಕ್ಸಿಜನ್ ಯಂತ್ರ ಅಡುಗೆಮನೆಯ ಹಳೇ ಫ್ರಿಜ್ಜಿನಂತೆ ಗುಂಯ್‌ಗುಡುತ್ತಿತ್ತು. ಅವನ ಮುಖ ಎಷ್ಟು ಸಣ್ಣದಾಗಿತ್ತೆಂದರೆ ಅವಳಿಗೆ ಪ್ರಾರ್ಥನೆಯ ಮೊದಲ ಸಾಲೇ ಮರೆತುಹೋಯಿತು.

“ಬೇಗ ಕಣೆ,” ಎಂದ ಅವನು, ಒಂದೊಂದೇ ಮಾತನ್ನು ಎಳೆದು ತರುತ್ತ. “ಆಮೇಲೆ... ಮನಸ್ಸು ಬದಲಾಯಿಸಿಬಿಡ್ತೀನಿ.”

ಅವಳು ಕೈಚೀಲಕ್ಕೆ ಕೈ ಹಾಕಿದಳು, ಡಬ್ಬಿ ಸಿಕ್ಕಿತು, ತೆರೆದಳು. ಒಂದು ಬಿಲ್ಲೆ. “ಕ್ರಿಸ್ತರ ಶರೀರ.” ಅವನು ಆಮೆನ್ ಅಂದನೋ, ಬರೀ ಉಸಿರು ಬಿಟ್ಟನೋ. ಅತ್ತಿಗೆ ಚಮಚದಲ್ಲಿ ನೀರು ಕುಡಿಸಿದಳು. ನುಂಗಿ, ಕಣ್ಣು ತೆರೆದು, “ಇದಕ್ಕೆ ಉಪ್ಪೇ ಇಲ್ಲವಲ್ಲೇ” ಎಂದ. ಅವಳು ಅಳುತ್ತ ನಕ್ಕಳು. ನಿಯಮದಂತೆ ಬರಿದಾದ ಡಬ್ಬಿಯನ್ನು ನೀರಿನಿಂದ ತೊಳೆದು, ಆ ನೀರನ್ನು ಕುಡಿದು, ಸೆರಗಿನಿಂದ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಭಾನುವಾರ ಬೆಳಗಾಗುವಷ್ಟರಲ್ಲಿ ಅವನಿರಲಿಲ್ಲ.

ಮಣ್ಣು ಮಾಡಿ ಬಂದ ಮರುದಿನ, ಚೀಲ ಕೊಡವುವಾಗ ಎರಡೂ ಡಬ್ಬಿಗಳು ಹಾಸಿಗೆಯ ಮೇಲೆ ಉರುಳಿದವು. ಒಂದು ಖಾಲಿ. ಇನ್ನೊಂದರಲ್ಲಿ ಒಂದು ಬಿಲ್ಲೆ. ಮುಚ್ಚಳ ತಿರುಗಿಸಿ ನೋಡಿದಳು. ಎರಡರ ಮೇಲೂ ಬೊಟ್ಟಿಲ್ಲ. ಚೀಲದ ಮೂಲೆಯ ಹೊಲಿಗೆಯಲ್ಲಿ ಕೆಂಪು ಚೂರೊಂದು ಸಿಕ್ಕಿಕೊಂಡಿತ್ತು.

ಯಾವಾಗ ಉದುರಿತು? ಸೆರಗಿನಿಂದ ಒರೆಸಿದಾಗ ಸಡಿಲಾಗಿ ಆಮೇಲೆ ಚೀಲದಲ್ಲಿ ಉದುರಿದ್ದರೆ ಅಣ್ಣನಿಗೆ ಕೊಟ್ಟದ್ದು ಸರಿಯಾದದ್ದೇ. ಹೋಗುವ ದಾರಿಯಲ್ಲೇ ಡಬ್ಬಿಗೆ ಡಬ್ಬಿ ತಾಗಿ ಉದುರಿದ್ದರೆ? ಕೊಟ್ಟಾಗ ಬೊಟ್ಟು ನೋಡಿದೆನೇ ಎಂದು ನೆನಪನ್ನು ಹಿಂಡಿದಳು. ಒಮ್ಮೆ ಬೆರಳಿನ ಕೆಳಗೆ ಕೆಂಪು ಕಂಡ ಹಾಗಾಗುತ್ತದೆ. ಮತ್ತೊಮ್ಮೆ ಯೋಚಿಸಿದರೆ ಆ ಕೆಂಪು ಆಕ್ಸಿಜನ್ ಯಂತ್ರದ ದೀಪದ್ದು. ಬಿಲ್ಲೆಯನ್ನು ಬೆಳಕಿಗೆ ಹಿಡಿದಳು. ಮೂಸಿದಳು. ಮೂಸಿದ್ದಕ್ಕೆ ತಾನೇ ನಾಚಿದಳು. ಕಣ್ಣಿಗೆ, ಮೂಗಿಗೆ, ನಾಲಗೆಗೆ ಎರಡೂ ಒಂದೇ ಎಂದು ಹೇಳಿದ ಬಾಯಿ ಇದೇ.

ಫಾದರ್ ಸೈಕಲ್ಲಿನ ಚೈನು ಹಾಕುತ್ತಿದ್ದರು, ಕೈಯೆಲ್ಲ ಗ್ರೀಸು. ವಯಸ್ಸಿನಲ್ಲಿ ಅವಳ ಕಿರಿಯ ತಮ್ಮನಂತಿದ್ದವರು. ಎಲ್ಲವನ್ನೂ ಕೇಳಿಸಿಕೊಂಡು, ಬೈಯದೆ, ಬಟ್ಟೆಯ ಚೂರಿನಲ್ಲಿ ಬೆರಳೊಂದೊಂದನ್ನೇ ಒರೆಸಿಕೊಂಡರು.

“ಅಕ್ಕ, ನೇರವಾಗಿ ಹೋಗಬೇಕಿತ್ತು, ಅದು ನಿಮಗೂ ಗೊತ್ತು. ಆದ್ರೆ ನಿಮ್ಮ ಅಣ್ಣ ಬೇಕು ಅಂದ್ರಲ್ಲ? ಮನಸಾರೆ ಬಯಸಿದೋರನ್ನ ದೇವರು ಬರಿಗೈಲಿ ಕಳಿಸಲ್ಲ. ಇದನ್ನ ನೀವೇ ಎಷ್ಟು ಜನಕ್ಕೆ ಹೇಳಿಲ್ಲ?”

“ಹೇಳಿದೀನಿ ಫಾದರ್. ಬಯಕೆಯೇ ಸಾಕು ಅಂದ್ರೆ ರೊಟ್ಟಿ ಯಾಕೆ ಮತ್ತೆ?”

ಫಾದರ್ ಬಟ್ಟೆಯ ಚೂರನ್ನು ಹ್ಯಾಂಡಲಿಗೆ ಸಿಕ್ಕಿಸಿದರು. “ಯಾರಾದ್ರೂ ನಿಮ್ಮನ್ನ ಹೀಗೆ ಕೇಳಿದ್ರೆ ಏನು ಹೇಳ್ತಿದ್ರಿ?”

“ನಮಗೆ ಮೈ ಇದೆ, ಅದಕ್ಕೇ ಮುಟ್ಟೋಕೆ ಸಿಗೋ ಗುರುತು ಕೊಟ್ಟಿದಾನೆ ಅಂತಿದ್ದೆ.”

“ಒಳ್ಳೇ ಉತ್ತರ.”

“ಒಳ್ಳೇದೇ. ಹೇಳಿದ ಮೇಲೂ ಇಲ್ಲಿ ಏನೂ ಆಗ್ತಿಲ್ಲ,” ಎಂದು ಅವಳು ಎದೆಯ ಮೇಲೆ ಕೈಯಿಟ್ಟಳು.

ಉಳಿದ ಬಿಲ್ಲೆಯ ವಿಷಯದಲ್ಲಿ ಫಾದರಿಗೆ ಗೊಂದಲವಿರಲಿಲ್ಲ. ಸಂಶಯ ಇದ್ದಾಗ ಪವಿತ್ರವೆಂದೇ ನಡೆಸಿಕೊಳ್ಳಬೇಕು. ನೀವೇ ಭಕ್ತಿಯಿಂದ ಸ್ವೀಕರಿಸಿಬಿಡಿ, ಮುಗೀತು ಎಂದರು.

ಮುಗಿಯಲಿಲ್ಲ. ಶುರುವಾದದ್ದೇ ಅಲ್ಲಿಂದ. ಈ ಬಿಲ್ಲೆ ಕ್ರಿಸ್ತರ ಶರೀರ ಎಂದು ಆಮೆನ್ ಹೇಳಿ ನುಂಗಿದರೆ, ಅಣ್ಣ ನುಂಗಿದ್ದು ಬರೀ ಹಿಟ್ಟು ಎಂದು ತಾನೇ ಮೊಹರು ಒತ್ತಿದಂತೆ. ಇಲ್ಲ, ಇದು ಬರೀ ಹಿಟ್ಟು ಎಂದು ಧೈರ್ಯವಾಗಿ ಅಭ್ಯಾಸಕ್ಕೆ ಕೊಟ್ಟರೆ ಅಣ್ಣನಿಗೆ ಸಿಕ್ಕಿದ್ದು ಅಸಲಿಯೇ ಎಂದಾಯಿತು; ಆದರೆ ಇದೇ ಅದಾಗಿದ್ದರೆ? ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಅದರ ಮುಂದೆ ಮೊಂಬತ್ತಿ ಹಚ್ಚಿದಳು. ಹಿಟ್ಟಿಗೆ ಮೊಂಬತ್ತಿ ಹಚ್ಚಿದೆನೇ ಎನಿಸಿ ಆರಿಸಿದಳು. ಮತ್ತೆ ಹಚ್ಚಿದಳು.

ಬಯಕೆ ಸಾಕು ಎಂದರಲ್ಲ ಫಾದರ್. ಹಾಗಾದರೆ ಅಣ್ಣ ನಿಜಕ್ಕೂ ಬಯಸಿದ್ದನೇ? ಅದನ್ನು ಬಲ್ಲವಳು ಅತ್ತಿಗೆ ಒಬ್ಬಳೇ; ಅವಳ ಮನೆಗೆ ಹೋದಳು. ಅತ್ತಿಗೆ ಅಂಗಡಿಯ ಸಾಮಾನುಗಳನ್ನು ಮನೆಗೆ ತಂದು ಹಾಲಿನಲ್ಲಿ ಹರಡಿಕೊಂಡಿದ್ದಳು. ಕೀಗಳ ಗೊಂಚಲು, ಅರಗಳು, ಯಾರೂ ಬಂದು ಒಯ್ಯದ ಬೀಗಗಳು.

“ಅತ್ತಿಗೆ, ಅವನು ಅದನ್ನ ಬೇಕು ಅಂತಲೇ ಕೇಳಿದ್ನಾ?”

“ಕೇಳಿದ್ರಲ್ಲ. ನಾನೇ ಅಲ್ವೇನೇ ಫೋನ್ ಮಾಡಿದ್ದು?”

“ಮನಸ್ಸಿನಿಂದ?”

ಅತ್ತಿಗೆ ಒಂದು ಕೀ ಎತ್ತಿಕೊಂಡು ಅದರ ಹಲ್ಲುಗಳ ಮೇಲೆ ಹೆಬ್ಬೆರಳಾಡಿಸಿದಳು. “ಬೆಳಗಿನಿಂದ ಬಾಗಿಲನ್ನೇ ನೋಡ್ತಾ ಇದ್ರು. ಬಂದ್ಲಾ, ಬಂದ್ಲಾ ಅಂತ. ನಿನ್ನನ್ನ ಕಾಯ್ತಿದ್ರೋ, ಅದನ್ನ ಕಾಯ್ತಿದ್ರೋ ನನಗೆ ಗೊತ್ತಿಲ್ಲ ಕಣೆ. ಅವರಿಗಾದ್ರೂ ಗೊತ್ತಿತ್ತೋ ಇಲ್ವೋ.”

ಅವಳಿಗೆ ತಡೆಯಲಾಗಲಿಲ್ಲ, ಡಬ್ಬಿಗಳ ಕತೆ ಹೇಳಿಬಿಟ್ಟಳು. ಅತ್ತಿಗೆ ಬೈದಾಳೆಂದು ಕಾದಳು. ಅತ್ತಿಗೆ ಬೈಯಲಿಲ್ಲ.

“ನಿಮ್ಮಣ್ಣ ಏನಂತಿದ್ರು ಗೊತ್ತಾ? ಅಸಲಿ ಕೀನೋ ಡೂಪ್ಲಿಕೇಟೋ, ಬಾಗಿಲಿಗೇನು ಗೊತ್ತು, ತೆರ್ಕೊಳುತ್ತೆ ಅಂತ.”

ಒಂದು ಗಳಿಗೆ ಅವಳ ಎದೆ ಹಗುರಾಯಿತು. ಆದರೆ ಗೇಟು ದಾಟುವಷ್ಟರಲ್ಲಿ, ಅದು ಬೀಗದ ಮಾತು, ಒಳಗಿರುವವನಿಗೆ ಗೊತ್ತಾಗುತ್ತದಲ್ಲ ಎಂದು ಇನ್ನೊಂದು ದನಿ ತಗಾದೆ ತೆಗೆಯಿತು. ಗೊತ್ತಾದರೆ ಅವನು ಬಾಗಿಲು ಹಾಕುತ್ತಾನಾ ಎಂದು ಮತ್ತೊಂದು. ಅವಳ ತಲೆಯೊಳಗೇ ಶನಿವಾರದ ತರಗತಿ ನಡೆಯುತ್ತಿತ್ತು. ಕೇಳುವವರು ತುಂಬಿದ್ದರು, ಮೇಜಿನ ಆಚೆ ಬದಿಯ ಕುರ್ಚಿ ಖಾಲಿಯಿತ್ತು.

ಶನಿವಾರ ಬಂದೇ ಬಂತು. ಬಟ್ಟೆಯ ಗಂಟಿನ ಸಮೇತ ಡಬ್ಬಿಯನ್ನು ಎದೆಗೆ ಅವುಚಿಕೊಂಡು, ಈ ಸಲ ದಾರಿಯಲ್ಲಿ ಯಾರೊಂದಿಗೂ ಮಾತಾಡದೆ ಕೋಣೆಗೆ ಬಂದಳು. ಎಲೆಕ್ಟ್ರಿಷಿಯನ್ನೂ ನರ್ಸೂ ಎದ್ದು ನಿಂತು, ಅಣ್ಣನ ಸುದ್ದಿ ಕೇಳಿ ಬೇಜಾರಾಯಿತು ಎಂದರು. ನರ್ಸ್ ಅವಳ ಕೈ ಹಿಡಿದುಕೊಂಡೇ ಕೂತಳು. ಸುಮ್ಮನಿರಲಾರದ ಎಲೆಕ್ಟ್ರಿಷಿಯನ್ ಕೇಳಿದ: “ಇವತ್ತು ಇವರ ಅಭ್ಯಾಸ ಬಾಕಿ ಅಲ್ವಾ ಅಕ್ಕ?”

ಅವಳು ಗಂಟು ಬಿಚ್ಚಿ ಡಬ್ಬಿಯ ಮುಚ್ಚಳ ತೆಗೆದು ಮೇಜಿನ ಮೇಲಿಟ್ಟಳು. ನರ್ಸ್ ಕಲಿತಂತೆ ಎಡಗೈ ಮೇಲೆ ಮಾಡಿ ಕೈ ಚಾಚಿದಳು. ಉತ್ತರಕ್ಕ ಕೊಡಲಿಲ್ಲ.

“ಇದು ಅಭ್ಯಾಸದ್ದೋ, ಅಲ್ವೋ, ನನಗೆ ಗೊತ್ತಿಲ್ಲ,” ಎಂದಳು. ಆಮೇಲೆ ನಡೆದದ್ದನ್ನು ಮೊದಲಿಂದ ಹೇಳಿದಳು. ಮೇಜು ಅಲುಗುತ್ತಿತ್ತು. ರಟ್ಟು ಯಾವಾಗಲೋ ಜಾರಿತ್ತು, ಅವಳ ಪಾದ ಅದನ್ನು ಹುಡುಕಲಿಲ್ಲ.

ನರ್ಸ್ ಕೈಗಳನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು. ಎಲೆಕ್ಟ್ರಿಷಿಯನ್ ಡಬ್ಬಿಯ ಕಡೆ ಬಾಗಿದವನು, ಉಸಿರು ತಾಗೀತೆಂಬಂತೆ ಹಿಂದೆ ಸರಿದ. ಬರೀ ಹಿಟ್ಟು ತಾನೇ ಎಂದು ತಿಂಗಳುಗಟ್ಟಲೆ ವಾದಿಸಿದವನು ಅವನು.

“ಮುಟ್ಟೋಕೆ ಯಾಕೋ ಭಯ ಆಗುತ್ತೆ,” ಎಂದ ಅವನು ತನಗೇ ಆಶ್ಚರ್ಯಪಡುತ್ತ.

ನರ್ಸ್ ಕೇಳಿದಳು: “ಅಕ್ಕ, ನಮ್ಮಪ್ಪ ಎಲ್ಲಿದ್ದಾರೆ ಅಂದಾಗ ನೀವು ಹೇಳಿದ್ದು... ಅದು ನಿಮಗೆ ಗೊತ್ತಿದ್ದು ಹೇಳಿದ್ದಾ?”

ಉತ್ತರ ಕೈಗೆಟುಕುವಲ್ಲೇ ಇತ್ತು. ಅವಳು ಅದನ್ನು ಎತ್ತಿಕೊಳ್ಳಲಿಲ್ಲ. “ಗೊತ್ತಿದ್ದು ಅಲ್ಲ. ನಂಬಿದ್ದು. ಎರಡೂ ಒಂದೇ ಅಂದ್ಕೊಂಡಿದ್ದೆ.”

“ಈಗ?”

“ಈಗ ಗೊತ್ತಿಲ್ಲಮ್ಮ. ನಿಮ್ಮಪ್ಪನೂ ನಮ್ಮಣ್ಣನೂ ಒಂದೇ ಕಡೆ ಇದ್ರೆ ಸಾಕು ಅನ್ಸುತ್ತೆ. ಒಳ್ಳೇ ಕಡೆ.”

ನರ್ಸ್ ತಲೆ ತಗ್ಗಿಸಿ ಕಣ್ಣೊರೆಸಿಕೊಂಡಳು. ಹಿಂದಿನ ಉತ್ತರ ಕೇಳಿದ ದಿನ ಅವಳು ಅತ್ತಿರಲಿಲ್ಲ.

“ಮತ್ತೆ ಇದನ್ನೇನು ಮಾಡೋದು?” ಎಲೆಕ್ಟ್ರಿಷಿಯನ್ ಪಿಸುಗುಟ್ಟಿದ.

ಅವಳು ಎದ್ದಳು. ಇದೇ ಅದು ಎಂದಾದರೆ ಅಣ್ಣನ ಪಾಲಿನದು ಇಲ್ಲೇ ಉಳಿದುಬಿಟ್ಟಿದೆ, ಅವನ ಪಾಲನ್ನು ಅವನ ತಂಗಿಯಲ್ಲದೆ ಇನ್ಯಾರು ತಿನ್ನಬೇಕು? ಹಿಟ್ಟೇ ಎಂದಾದರೆ ಹಿಟ್ಟು ತಿಂದೆ, ಇಷ್ಟು ವರ್ಷ ಎಲ್ಲರಿಗೂ ಮಾಡಿಸಿದ ಅಭ್ಯಾಸವನ್ನು ಕೊನೆಗೆ ನಾನೂ ಒಮ್ಮೆ ಮಾಡಿದೆ. ಈ ಯೋಚನೆಯೂ ಪೂರ್ತಿ ಸರಿಯೆಂದು ಅವಳಿಗೆ ಅನ್ನಿಸಲಿಲ್ಲ. ಆದರೆ ಡಬ್ಬಿಯನ್ನು ಇನ್ನೊಂದು ದಿನ ಕಪಾಟಿನಲ್ಲಿಡುವ ಶಕ್ತಿ ಅವಳಲ್ಲಿರಲಿಲ್ಲ. ಬಿಲ್ಲೆಯನ್ನು ಎಡ ಅಂಗೈಯಲ್ಲಿಟ್ಟುಕೊಂಡಳು. ಕೊಡುವವರಿಲ್ಲದ ಮೇಲೆ ‘ಕ್ರಿಸ್ತರ ಶರೀರ’ ಎಂದು ಹೇಳುವವರೂ ಇಲ್ಲ. ಹೇಳದ ಮಾತಿಗೇ ಅವಳು ಆಮೆನ್ ಎಂದಳು. ದನಿ ಕೊನೆಯಲ್ಲಿ ಮೇಲಕ್ಕೆದ್ದಿತು, ಪ್ರಶ್ನೆ ಕೇಳಿದ ಹಾಗೆ.

ಬಿಲ್ಲೆ ಅಂಗುಳಿಗೆ ಅಂಟಿತು. ಉಪ್ಪಿರಲಿಲ್ಲ. ಅಣ್ಣನ ಮಾತು ನೆನಪಾಗಿ ಅವಳಿಗೆ ನಗು ಒತ್ತರಿಸಿ ಬಂತು, ಕಣ್ಣಲ್ಲಿ ನೀರೂ.

“ಗೊತ್ತಾಯ್ತಾ ಅಕ್ಕ?” ಎಂದ ಎಲೆಕ್ಟ್ರಿಷಿಯನ್, ಕುರ್ಚಿಯ ಅಂಚಿಗೆ ಸರಿದು.

ಅವಳು ಬೆರಳೆತ್ತಿದಳು, ತಾಳು ಎಂಬಂತೆ. ಕರಗುವ ತನಕ ಮಾತಾಡಬಾರದು, ಅವಳೇ ಕಲಿಸಿದ್ದು. ಅವರಿಬ್ಬರೂ ಅವಳ ಬಾಯನ್ನೇ ನೋಡುತ್ತ ಕಾದರು. ಅದು ಕರಗಲು ಬಹಳ ಹೊತ್ತು ಹಿಡಿಯಿತು.