ಸಾಹೇಬರನ್ನು ಕಂಡರೆ ನಿಲ್ಲುವ ಗಾಡಿ

ಧಾರವಾಡದಿಂದ ಹೆಬ್ಬಳ್ಳಿಗೆ ಹೋಗುವ ದಾರಿಯಲ್ಲಿದ್ದ ಕೃಷಿ ತರಬೇತಿ ಕೇಂದ್ರಕ್ಕೆ ಒಂದು ಹುಲ್ಲು ಕೊಯ್ಯುವ ಗಾಡಿ ಬಂದಿತ್ತು. ಮೇಲೆ ಕೂತು ಓಡಿಸುವ ಗಾಡಿ, ಹೊಟ್ಟೆಯ ಕೆಳಗೆ ಗರಗರ ತಿರುಗುವ ಅಲಗು. ಅಮೆರಿಕದ ತಜ್ಞನೊಬ್ಬ ಅದನ್ನು ತಂದು, ಜೋಳದ ರೊಟ್ಟಿ ಒಗ್ಗುವ ಹೊತ್ತಿಗೆ ಸರಿಯಾಗಿ, ೧೯೬೪ರಲ್ಲಿ, ತನ್ನ ಊರಿಗೆ ಹೊರಟುಹೋದ. ಹೋಗುವ ಮುಂಚೆ ಓಡಿಸುವುದನ್ನು ಕಲಿಸಿದ್ದು ಕುಡುಗೋಲಿನಲ್ಲಿ ಹುಲ್ಲು ಕೊಯ್ಯುತ್ತಿದ್ದ ಹುಚ್ಚಪ್ಪನಿಗೆ. ಅವನಿಗೇ ಏಕೆ ಎಂದರೆ, ಉಳಿದವರೆಲ್ಲ ಅದರ ಸದ್ದಿಗೆ ಹೆದರಿ ಕಂಪೌಂಡಿನ ಆಚೆ ಹೋಗಿ ನಿಂತಿದ್ದರು.

ಮೊದಲು ಚಾವಿ ತಿರುಗಿಸಿ ಆರಿಸು, ಆಮೇಲೆ ಇಳಿ ಎಂದು ತಜ್ಞ ಕೈಸನ್ನೆಯಲ್ಲಿ ಹೇಳಿಕೊಟ್ಟಿದ್ದ. ಹುಚ್ಚಪ್ಪ ಅದನ್ನು ಗುರುವಾಕ್ಯವೆಂದು ಪಾಲಿಸಿದ. ಜನ ಅವನನ್ನು ಡ್ರೈವರ್ ಎಂದು ಕರೆಯತೊಡಗಿದರು. ಹೆಂಡತಿ ಸಾವಂತ್ರೆವ್ವ ಆ ಮಾತನ್ನು ಹೆಬ್ಬಳ್ಳಿಯ ಕೇರಿಯ ತುಂಬ ಹಂಚಿ ಬಂದಳು. ಅವನಿಗೂ ಒಳಗೊಳಗೇ ಬಹಳ ಖುಷಿಯಾಗಿತ್ತು, ಸುಳ್ಳೇಕೆ ಹೇಳಬೇಕು.

ಗಾಡಿಗೆ ಕೆಟ್ಟ ಚಾಳಿಯೊಂದಿರುವುದು ಗೊತ್ತಾದದ್ದು ಸೂಪರಿಂಟೆಂಡೆಂಟ್ ಮಹಾಂತಯ್ಯನವರು ಅದನ್ನು ನೋಡಲು ಬಂದಾಗ. ಅಲ್ಲಿಯವರೆಗೆ ಹಾಡಿಕೊಂಡು ಓಡುತ್ತಿದ್ದ ಗಾಡಿ, ಅವರು ಹತ್ತಿರ ಬಂದದ್ದೇ ತಡ, ಗಪ್ಪಾಯಿತು. ಹುಚ್ಚಪ್ಪ ಜಿಗಿದಿಳಿದು ಕೈಮುಗಿದ. ಆಮೇಲೆ ಪಕ್ಕದಲ್ಲಿ ಬಗ್ಗಿ ನಿಂತು ಎಷ್ಟು ಚಾವಿ ತಿರುಗಿಸಿದರೂ ಅದು ಕೆಮ್ಮಲೂ ಇಲ್ಲ.

"ಮುಂಜಾನಿ ಛಲೋ ನಡೀತಿತ್ರಿ ಸಾಹೇಬ್ರ."

"ಹಂಗಾರ ನಾ ಬಂದಾಗಷ್ಟ ನಿಂದರತೈತೇನು?"

"ಹೌದ್ರಿ," ಎಂದ ಹುಚ್ಚಪ್ಪ. ನಾಲಿಗೆ ಕಚ್ಚಿಕೊಂಡು, "ಅಲ್ರಿ," ಎಂದ.

ಮುಂದೆ ಪ್ರತಿ ಸಲವೂ ಇದೇ ಕಥೆ. ಮಹಾಂತಯ್ಯನವರು ಒಮ್ಮೆ ಹುಣಸೆಮರದ ಹಿಂದೆ ಅಡಗಿ ನೋಡಿದರು. ಗಾಡಿ ಗಿಳಿಯ ಹಾಗೆ ಮಾತಾಡುತ್ತಿತ್ತು. ಮರದ ಮರೆಯಿಂದ ಈಚೆ ಬಂದರು, ಸತ್ತುಹೋಯಿತು. ಆಫೀಸಿನಲ್ಲಿ ಸಾಹೇಬರ ಕಾಲ್ಗುಣದ ಬಗ್ಗೆ ಗುಸುಗುಸು ಶುರುವಾಯಿತು. ಸಿಪಾಯಿಯೊಬ್ಬ ಗಾಡಿಯ ಮೂತಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ. ಅದನ್ನು ಕಂಡ ಮಹಾಂತಯ್ಯನವರ ಮುಖ ಮೆಣಸಿನಕಾಯಿಗಿಂತ ಕೆಂಪಾಯಿತು.

"ಸೋಮವಾರ ಬೆಂಗಳೂರಿನಿಂದ ಡೈರೆಕ್ಟರ್ ಬರಾಕತ್ತಾರ," ಎಂದರು. "ಅವರ ಮುಂದ ಇದು ನಡೀಲಿಲ್ಲಂದ್ರ ಇದು ಗೋದಾಮಿಗೆ, ನೀ ಕುಡಗೋಲಿಗೆ. ತಿಳೀತಿಲ್ಲೊ?"

ಚೆನ್ನಾಗಿಯೇ ತಿಳಿಯಿತು. ಕುಡುಗೋಲು ಹಿಡಿಯಲು ಹುಚ್ಚಪ್ಪನಿಗೆ ನಾಚಿಕೆಯಿರಲಿಲ್ಲ. ಆದರೆ ಒಮ್ಮೆ ಡ್ರೈವರ್ ಆದವನು ಮತ್ತೆ ಕೇರಿಗೆ ಯಾವ ಮುಖ ಹೊತ್ತು ಹೋಗಬೇಕು?

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಮೋಟಾರು ವೈರಿಂಗ್ ಅಂಗಡಿ ಇಟ್ಟಿದ್ದ ಗುಲಾಬಸಾಬನನ್ನು ಕರೆಸಿದರು. ಎರಡು ತಂತಿಯ ತುದಿಗೆ ಒಂದು ಪುಟ್ಟ ಬಲ್ಬು ಕಟ್ಟಿಕೊಂಡು, ವೈದ್ಯ ನಾಡಿ ಹಿಡಿದಂತೆ ಅವನು ಗಾಡಿಯ ಮೈಯೆಲ್ಲ ಮುಟ್ಟಿ ನೋಡಿದ. ಬ್ಯಾಟರಿಗೆ ಮುಟ್ಟಿಸಿದ, ಬಲ್ಬು ಹತ್ತಿತು. ಫ್ಯೂಜಿಗೆ ಮುಟ್ಟಿಸಿದ, ಹತ್ತಿತು. ಚಾವಿಯ ಹಿಂದೆಯೂ ಹತ್ತಿತು. ಅರ್ಥಿಂಗ್ ತಂತಿಯ ಬೋಲ್ಟು ಬಿಚ್ಚಿ ತುಕ್ಕು ಕೆರೆದು ಮತ್ತೆ ಬಿಗಿದ. ಅವನು ಹೇಳಿದಾಗಲೆಲ್ಲ ಹುಚ್ಚಪ್ಪ ಪಕ್ಕದಲ್ಲಿ ನಿಂತೇ ಚಾವಿ ತಿರುಗಿಸಿದ. ಉಸ್ತಾದ ನೆಲದ ಮೇಲೆ ಮೊಣಕಾಲೂರಿರುವಾಗ ತಾನು ಮೇಲೆ ಕೂರುವುದು ಹೇಗೆ? ಗಾಡಿ ಮಿಸುಕಲಿಲ್ಲ.

"ಎಲ್ಲಾ ಬರೋಬರಿ ಐತಿ, ಆದ್ರ ಜೀವ ಇಲ್ಲ," ಎಂದು ಗುಲಾಬಸಾಬ ಸೋತು, ಬೀಡಿ ಹಚ್ಚಿಕೊಳ್ಳಲು ಗಾಡಿಯ ಸೀಟಿನ ಮೇಲೆಯೇ ಕುಳಿತ. ಕೈ ಸುಮ್ಮನಿರದೆ ಚಾವಿ ತಿರುಗಿಸಿತು. ಗಾಡಿ ಗರ್ರೆಂದಿತು. ಅವನು ಬೆಚ್ಚಿ ಹಾರಿಬಿದ್ದ, ಗಾಡಿ ನಿಂತಿತು. ಮತ್ತೆ ಕೂತು ತಿರುಗಿಸಿದ, ಗರ್ರೆಂದಿತು. ಕೆಳಗಿಳಿದು ಸೀಟನ್ನು ಎತ್ತಿ ನೋಡಿದವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಅಲ್ಲಿ ಸ್ಪ್ರಿಂಗಿನ ಕೆಳಗೆ ಗುಂಡಿಯಂಥದೊಂದು ಸಣ್ಣ ಸ್ವಿಚ್ಚು ಇತ್ತು.

"ಮ್ಯಾಲೆ ಮನಷ್ಯಾ ಕುಂತ್ರ ಕರೆಂಟ್ ಹರೀತೈತಿ, ಎದ್ರ ಬಂದ್. ಡ್ರೈವರ್ ಜಾರಿ ಬಿದ್ದಾಗ ಅಲಗು ಅವನ್ನ ಕೊಯ್ಬಾರದಂತ ಇಟ್ಟಾರ. ಸಾಹೇಬ್ರು ಬಂದಾಗ ನೀ ಏನ ಮಾಡತಿ?"

"ಇಳೀತೇನ್ರಿ."

"ಅದಕ್ಕ ಅದು ನಿಂದರತೈತಿ."

ಹುಚ್ಚಪ್ಪನಿಗೆ ನಗು ಬರಲಿಲ್ಲ. ಮಹಾಂತಯ್ಯನವರೂ ಹೆಬ್ಬಳ್ಳಿಯವರೇ, ನೂರಾರು ಎಕರೆಯ ಮನೆತನ. ಹುಚ್ಚಪ್ಪನದು ಊರಾಚೆಯ ಕೇರಿ. ಅವನ ಅಪ್ಪ ಗಿರಿಯಪ್ಪ ಆ ಮನೆಯ ಹೊಲದಲ್ಲಿ ದುಡಿದು, ಆ ಮನೆಯ ಅಂಗಳದಲ್ಲಿ ನಿಂತೇ ಮುದುಕನಾದ. ಆ ಮನೆಯವರು ಕಣ್ಣಿಗೆ ಬಿದ್ದರೆ ಕೂತವನು ಏಳಬೇಕೆಂದು ಹುಚ್ಚಪ್ಪನಿಗೆ ಯಾರೂ ಕಲಿಸಿರಲಿಲ್ಲ. ಅವನ ಮೊಣಕಾಲಿಗೇ ಅದು ಗೊತ್ತಿತ್ತು.

"ಆ ಸ್ವಿಚ್ಚಿನ ಎರಡೂ ತಂತಿ ಕೂಡಿಸಿ ಗಂಟ ಹಾಕ್ರಲಾ," ಎಂದ. "ನಾ ಇಳದ್ರೂ ನಡೀಲಿ."

ಗುಲಾಬಸಾಬ ಇಕ್ಕಳ ಕೈಗೆತ್ತಿಕೊಂಡ, ಮತ್ತೆ ಕೆಳಗಿಟ್ಟ. "ನೀ ಕೈಮುಗದ ನಿಂತಿರತಿ, ಗಾಡಿ ತಾನ ಹೊಂಟು ಸಾಹೇಬ್ರ ಕಾಲ ಕೊಯ್ತೈತಿ. ನಾ ಹಾಕೂದಿಲ್ಲಪಾ. ದೋಷ ಗಾಡ್ಯಾಗಿಲ್ಲ, ನಿನ್ನ ಮೊಣಕಾಲಾಗೈತಿ. ಅದರ ರಿಪೇರಿ ನನಗ ಬರೂದಿಲ್ಲ." ಚೀಲ ಹೆಗಲಿಗೇರಿಸಿ ಹುಬ್ಬಳ್ಳಿಯ ಬಸ್ಸು ಹಿಡಿದ.

ಇದನ್ನು ಮಹಾಂತಯ್ಯನವರಿಗೆ ಹೇಳುವುದಾದರೂ ಹೇಗೆ? ನಿಮ್ಮ ಮುಂದೆ ನಾನು ಕೂತೇ ಇರುತ್ತೇನೆ ಎಂದೇ? ಹುಚ್ಚಪ್ಪ ಆಫೀಸಿನ ಬಾಗಿಲವರೆಗೆ ಹೋಗಿ ಮರಳಿ ಬಂದ.

ರಿಪೇರಿಯನ್ನು ಸಾವಂತ್ರೆವ್ವ ಕೈಗೆತ್ತಿಕೊಂಡಳು. ಗಂಡನನ್ನು ಬೋರಲು ಹಾಕಿದ ಬುಟ್ಟಿಯ ಮೇಲೆ ಕೂರಿಸಿದಳು. ಅವನದೇ ರುಮಾಲು ತಲೆಗೆ ಸುತ್ತಿಕೊಂಡು, ಹೊರಗಿನಿಂದ ಮಹಾಂತಯ್ಯನವರ ಹಾಗೆ ಗತ್ತಿನಿಂದ ಕೆಮ್ಮುತ್ತ ಒಳಗೆ ಬಂದಳು. ಹುಚ್ಚಪ್ಪ ಎದ್ದು ನಿಂತ. ಮತ್ತೆ ಹೋಗಿ ಕೆಮ್ಮಿದಳು, ಮತ್ತೆ ಎದ್ದ.

"ಇಷ್ಟ ವರ್ಷ ನಿಮ್ಮ ಕೂಡ ಬಾಳೇ ಮಾಡೇನಿ, ನನ್ನ ಕಂಡು ಒಮ್ಮೆರ ಎದ್ದಿರೇನು?" ಎಂದಳು. "ಬರೇ ಆ ಕೆಮ್ಮಿಗೆ ಇಷ್ಟು ಮರ್ಯಾದಿ."

ಕೆಮ್ಮಿ ಕೆಮ್ಮಿ ಅವಳ ಗಂಟಲು ಕಟ್ಟಿತು. ಅವನ ಮೊಣಕಾಲು ಮಾತ್ರ ಬುದ್ಧಿ ಕಲಿಯಲಿಲ್ಲ.

ಸೋಮವಾರ ಬಂದೇ ಬಂತು. ಹುಚ್ಚಪ್ಪ ಬಯಲಿನ ಆ ತುದಿಯಿಂದ ಹುಲ್ಲು ಕೊಯ್ಯುತ್ತ ಬಂದ. ಈ ತುದಿಯಲ್ಲಿ ಡೈರೆಕ್ಟರ್, ಅವರ ಪಕ್ಕದಲ್ಲಿ ಕೋಟು ರುಮಾಲಿನ ಮಹಾಂತಯ್ಯನವರು. ಹತ್ತಿರವಾದಂತೆ ಅವನ ಮೊಣಕಾಲು ತಾನಾಗಿಯೇ ನೆಟ್ಟಗಾಗತೊಡಗಿತು. ಒಂದು ಗೇಣು ಎದ್ದೂ ಎದ್ದ. ಇಂಜಿನ್ ಬಿಕ್ಕಳಿಸಿತು. ಮಹಾಂತಯ್ಯನವರ ಮುಖ ಬಾಡಿದ್ದು ಅವನಿಗೆ ಕಂಡಿತು. ಈ ಮನುಷ್ಯನೂ ಹೆದರಿದ್ದಾನೆ ಎಂದು ಆಗ ಅವನಿಗೆ ಹೊಳೆಯಿತು. ಆ ಮನೆಯವರು ಹೆದರುವುದನ್ನು ಅವನು ಈ ಮೊದಲು ಕಂಡಿರಲಿಲ್ಲ. ಹುಚ್ಚಪ್ಪ ಧಪ್ಪನೆ ಕೂತ, ಇಂಜಿನ್ ಮತ್ತೆ ಗರ್ರೆಂದಿತು. ಎರಡೂ ಕೈಯಿಂದ ಸ್ಟಿಯರಿಂಗ್ ಹಿಡಿದು ಅವರ ಎದುರಿಗೇ ತಂದು ನಿಲ್ಲಿಸಿದ, ಅಲಗನ್ನು ಎತ್ತಿದ, ಇಂಜಿನ್ ಆರಿಸಲಿಲ್ಲ, ಇಳಿಯಲೂ ಇಲ್ಲ.

ಡೈರೆಕ್ಟರ್ ತಲೆದೂಗಿದರು. ಮಹಾಂತಯ್ಯನವರು ಮಾತ್ರ ಹುಬ್ಬು ಗಂಟಿಕ್ಕಿ, ಕೂತೇ ಇದ್ದ ಹುಚ್ಚಪ್ಪನನ್ನು ಮೇಲಿಂದ ಕೆಳಗೆ ನೋಡಿದರು.

"ಇಳದ್ರ ಇದು ನಿಂದರತೈತ್ರಿ ಸಾಹೇಬ್ರ," ಎಂದ ಹುಚ್ಚಪ್ಪ, ಸದ್ದನ್ನು ಮೀರಿಸುವಷ್ಟು ಗಟ್ಟಿಯಾಗಿ. "ಇಷ್ಟ ದಿನಾ ನಾ ಏಳತಿದ್ದೆ, ಅದಕ್ಕ ನಿಂದರತಿತ್ತು. ನಿಮ್ಮ ಕಾಲ್ಗುಣ ಅಲ್ರಿ."

ಮಹಾಂತಯ್ಯನವರು ಡೈರೆಕ್ಟರ್ ಕಡೆಗೊಮ್ಮೆ, ಸೀಟಿನ ಕಡೆಗೊಮ್ಮೆ ನೋಡಿದರು. ಆಮೇಲೆ ತುಟಿ ಅಲುಗಿತು. ಏನಂದರೋ ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ.

"ಜೋರಾಗಿ ಹೇಳ್ರಿ," ಎಂದ ಹುಚ್ಚಪ್ಪ. "ಕೇಳಸವಲ್ದು."

ಮಹಾಂತಯ್ಯನವರು ರುಮಾಲಿಗೆ ಕೈ ಆನಿಸಿಕೊಂಡು ಸೊಂಟ ಬಗ್ಗಿಸಿದರು. ಬಾಯಿಯನ್ನು ಅವನ ಕಿವಿಯ ಮಟ್ಟಕ್ಕೆ ತಂದು ಕೂಗಿ ಹೇಳಿದರು: "ಏಳಬ್ಯಾಡ ಅಂದೆ. ಕುಂಡ್ರು."